ನನ್ನ ಪರವಾಗಿ ನೀನೇ ಹೇಳು

"ಈಗ ಬೇಡ... ಹೋಗು. ಜನ ಇದಾರೆ."

ವರ್ನಾ ತುಟಿ ಅಲುಗಿಸದೆ ಪಿಸುಗುಟ್ಟಿದಳು. ಸತ್ತವನಿಗೆ ಗಟ್ಟಿಯಾಗಿ ಹೇಳುವ ಅಗತ್ಯವೇನಿದೆ?

ಎಲ್ಮ್ ಹೌಸಿನ ಕೆಳಮಹಡಿಯ ಹಾಲಿನಲ್ಲಿ ಅದು ಕಾಫಿಯ ಹೊತ್ತು. ಕಿಟಕಿಯಾಚೆ ವಿನಿಪೆಗ್ ನಗರದ ನವೆಂಬರ್, ಮೊದಲ ಹಿಮ. ಬಾಗಿಲ ಬಳಿ ಆಂಬ್ರೋಸ್ ಇದ್ದ.

ಅವನು ಹೀಗೆ ಬರುವುದು ಅವಳಿಗೆ ಹೊಸದೇನಲ್ಲ. ಹನ್ನೊಂದು ವರ್ಷಗಳಿಂದ ಬರುತ್ತಲೇ ಇದ್ದ. ಬಸ್ಸಿನ ಹಿಂದಿನ ಸೀಟಿನಲ್ಲಿ, ಬಟ್ಟೆ ಒಗೆಯುವ ಮಷೀನಿನ ಗಾಜಿನಲ್ಲಿ, ಸೂಪಿಗೆ ನಿಂತ ಸಾಲಿನಲ್ಲಿ ಅವಳ ಬೆನ್ನ ಹಿಂದೆ... ಒಮ್ಮೆ ನೋಡಿ, ಒಮ್ಮೆ ಕೆಮ್ಮಿ, ಕರಗಿಹೋಗುತ್ತಿದ್ದ.

ಇವತ್ತು ಮಾತ್ರ ಏನೋ ಬೇರೆ. ಗಾಲಿಕುರ್ಚಿಯಲ್ಲಿ ಕೂತಿದ್ದಾನೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ.

'ಸತ್ತವರಿಗೂ ವಯಸ್ಸಾಗುತ್ತಾ?'

"ಯಾರಿಗೆ ಹೋಗು ಅಂತಿದೀಯ?" ಎದುರಿಗೆ ಕೂತು ಇಸ್ಪೀಟು ಕಲೆಸುತ್ತಿದ್ದ ಆರ್ವಿಲ್ ತಲೆಯೆತ್ತಿದ. "ಪಾಪ, ಅವನು ಇವತ್ತು ಬೆಳಿಗ್ಗೆ ತಾನೇ ಬಂದಿದಾನೆ. ನಿನ್ನ ಪಕ್ಕದ ರೂಮೇ ಸಿಕ್ಕಿರೋದು. ಬಂದ ದಿನಾನೇ ಓಡಿಸ್ತೀಯಲ್ಲ, ಮಹಾತಾಯಿ!"

ಕಾಫಿ ತುಳುಕಿ ಅವಳ ಬೆರಳ ಮೇಲೆ ಬಿತ್ತು. ಬಿಸಿ ಗೊತ್ತೇ ಆಗಲಿಲ್ಲ.

'ಆರ್ವಿಲ್‌ಗೂ ಕಾಣ್ತಿದಾನೆ! ಅಂದ್ರೆ... ಅಂದ್ರೆ...'

ಗಾಲಿಕುರ್ಚಿ ಹತ್ತಿರ ಬಂದು ನಿಂತಿತು. ಅವನ ದನಿ ಮೊದಲಿನ ಹಾಗಿರಲಿಲ್ಲ. ಯಾರೋ ಒಳಗಿನಿಂದ ಕೆರೆದು ತೆಗೆದ ಹಾಗೆ ಒರಟಾಗಿತ್ತು.

"ಆವತ್ತು ಹೇಳ್ದೇನೇ ಬಿಟ್ಟುಹೋದೆ. ಇವತ್ತು ಬಾಯಿ ಬಿಟ್ಟು ಹೋಗು ಅಂತಿದೀಯ." ಆಂಬ್ರೋಸ್ ನಕ್ಕ. ಆ ನಗುವಿನಲ್ಲಿ ಒಂದು ಹನಿ ಪ್ರೀತಿಯೂ ಇರಲಿಲ್ಲ. "ಪರವಾಗಿಲ್ಲ ವರ್ನಾ... ಸುಧಾರಿಸಿದೀಯ."

ಅವಳು ಎದ್ದಳು. ತಿರುಗಿ ನೋಡದೆ ಲಿಫ್ಟಿನ ಕಡೆ ನಡೆದುಬಿಟ್ಟಳು.

*

ವರ್ಷಗಟ್ಟಲೆ ಬೀದಿಯಲ್ಲಿ ಮಲಗಿ ಅಲ್ಲಿಯೇ ಮುದುಕರಾದವರಿಗೆ ಸಿಕ್ಕ ಮನೆ ಎಲ್ಮ್ ಹೌಸ್. ಒಬ್ಬೊಬ್ಬರಿಗೆ ಒಂದು ರೂಮು, ಒಂದು ಬೀಗದ ಕೈ. ಕೆಳಗೆ ಸಿಬ್ಬಂದಿ, ಅವರ ಜೊತೆ ನರ್ಸ್ ಕೋರಾ. ಬಂದವರ ಮೈಯಲ್ಲಿ ಬೀದಿಯ ಚಳಿ ಉಳಿದುಬಿಟ್ಟಿರುತ್ತದೆ. ಹಾಗಾಗಿ ಇಲ್ಲಿ ಸಾವು ಬೇಗ ಬರುತ್ತದೆ. ಹೋದವರ ಫೋಟೋಗಳು ಲಿಫ್ಟಿನ ಪಕ್ಕದ ಗೋಡೆಯಲ್ಲಿ ತೂಗುತ್ತವೆ.

ವರ್ನಾಗೆ ಅರವತ್ತೇಳು. ಹೃದಯ ಸೋತಿದೆ, ಸಂಜೆಯಾದರೆ ಪಾದ ಊದುತ್ತದೆ. ಗಂಡನ ಹೊಡೆತ ತಾಳಲಾರದೆ ಡಾಫಿನ್ ಊರಿನಿಂದ ಒಂದೇ ಚೀಲ ಹಿಡಿದು ಬಂದವಳು. ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು, ಕೊನೆಗೆ ಅಸಿನಿಬೋಯಿನ್ ನದಿಯ ಸೇತುವೆಯ ಕೆಳಗೆ ಬಂದು ನಿಂತಳು. ಅಲ್ಲಿ ಆಂಬ್ರೋಸ್ ಸಿಕ್ಕಿದ. ಮೇಟಿ ಎಂಬ ಮೂಲನಿವಾಸಿ ಸಮುದಾಯದವನು, ಬಡಗಿ, ಮಾತು ಕಮ್ಮಿ.

ಚಳಿಗಾಲದಲ್ಲಿ ಅವಳ ಬೂಟುಗಳನ್ನು ತನ್ನ ಕೋಟಿನೊಳಗೆ ಇಟ್ಟುಕೊಂಡು ಮಲಗುತ್ತಿದ್ದ. ಬೆಳಿಗ್ಗೆ ಅವಳು ಕಾಲಿಟ್ಟಾಗ ಬೆಚ್ಚಗಿರಲಿ ಅಂತ! ಪ್ರೀತಿಸುತ್ತೇನೆ ಅಂತ ಅವನು ಯಾವತ್ತೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಆ ಜನವರಿಯ ಮಧ್ಯಾಹ್ನ, ಅವರ ಡೇರೆಯೊಳಗೆ, ಅವನಿಗೆ ಜ್ವರ ಏರಿತ್ತು. ಎದೆಯಲ್ಲಿ ಗೊರಗೊರ. ಹಿಮ ಕಚ್ಚಿ ಕಾಲು, ಬೆರಳು ಮೇಣದ ಹಾಗೆ ಬಿಳಿಚಿದ್ದವು.

"ಯಾರನ್ನೂ ಕರೀಬೇಡ ವರ್ನಾ. ಆಣೆ ಮಾಡು."

"ಹುಚ್ಚಾ ನಿನಗೆ?"

"ನನ್ನ ಅಮ್ಮನ್ನ ಹೀಗೇ ಕರ್ಕೊಂಡು ಹೋದ್ರು. ಟಿ.ಬಿ. ಆಸ್ಪತ್ರೆಗೆ. ನನಗಾಗ ಆರು ವರ್ಷ. ಎಲ್ಲಿ ಹೂತ್ರು ಅಂತ ಇವತ್ತಿಗೂ ಗೊತ್ತಿಲ್ಲ. ನನ್ನ ಇಲ್ಲೇ ಬಿಡು. ಆಣೆ ಮಾಡು!"

ಅವಳು ಆಣೆ ಮಾಡಿದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಮ್ಮು, ಮತ್ತೆ ಕೆಮ್ಮು... ಆಮೇಲೆ ಕೆಮ್ಮು ನಿಂತುಹೋಯಿತು.

ಆ ಮೌನವನ್ನು ತಡೆಯಲಾಗಲಿಲ್ಲ. ಪೆಟ್ರೋಲ್ ಬಂಕಿನವರೆಗೆ ಓಡಿದಳು. ಫೋನ್ ಮಾಡಿದಳು.

ಆಂಬುಲೆನ್ಸ್ ಬಾಗಿಲಲ್ಲಿ ಕೇಳಿದರು, "ನೀವು ಮನೆಯವರಾ?"

"ಅಲ್ಲ," ಅಂದುಬಿಟ್ಟಳು. ನಿಜ ತಾನೇ? ಬಾಗಿಲು ಮುಚ್ಚಿತು.

ಆಸ್ಪತ್ರೆಯ ಕೌಂಟರಿನಲ್ಲೂ ಅದೇ. ಮನೆಯವರಿಗೆ ಮಾತ್ರ ಹೇಳುತ್ತೇವೆ. ದಿನಗಟ್ಟಲೆ ಅಲ್ಲಿಯ ಬೆಂಚಿನಲ್ಲಿ ಕೂತಳು, ಕಾವಲಿನವನು ಎಬ್ಬಿಸಿ ಹೊರಹಾಕುವವರೆಗೆ. ಸೇತುವೆಯ ಬಳಿ ಯಾರೋ ಹೇಳಿದರು: ಆಸ್ಪತ್ರೆಗೆ ಒಯ್ದ ಗಡ್ಡದವನು ಹೋಗಿಬಿಟ್ಟನಂತೆ.

'ಯಾವ ಜಾಗಕ್ಕೆ ಹೆದರ್ತಿದ್ನೋ ಅಲ್ಲಿಗೇ ಕಳಿಸಿ ಕೊಂದೆ... ಒಬ್ಬಂಟಿಯಾಗಿ...'

ಅಂದಿನಿಂದ ಅವನು ಅವಳ ಬೆನ್ನು ಬಿಟ್ಟಿರಲಿಲ್ಲ.

*

ಅವನು ಬಂದ ಮರುದಿನ ವರ್ನಾ ಪಕ್ಕದ ಬಾಗಿಲು ತಟ್ಟಿದಳು. ಕೈಯಲ್ಲಿ ಆಲೂಗಡ್ಡೆ ತುಂಬಿ ಮಾಡಿದ ಪೆರೋಗಿ ಕಡುಬಿನ ತಟ್ಟೆ.

"ಆಂಬ್ರೋಸ್... ನೀನು ಸತ್ತೆ ಅಂದ್ರು..."

"ಅರ್ಧ ಸತ್ತೆ." ಅವನು ಮಡಿಲ ಕಂಬಳಿ ಸರಿಸಿದ. ಎರಡೂ ಕಾಲು ಮೊಣಕಾಲಿನ ಕೆಳಗೆ ಮುಗಿದಿದ್ದವು. ಬಲಗೈಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಉಳಿದಿದ್ದವು. "ನೋಡು. ಸರಿಯಾಗಿ ನೋಡು. ಬಡಗಿ ಕೈ ಇದು!"

ಅವಳು ತಟ್ಟೆಯನ್ನು ಎದೆಗೊತ್ತಿ ಹಿಡಿದುಕೊಂಡು ನೋಡಿದಳು.

"ಎರಡು ತಿಂಗಳು ಬಾಯೊಳಗೆ ಪೈಪು. ಕೈ ಮಂಚಕ್ಕೆ ಕಟ್ಟಿದ್ರು. ಎಚ್ಚರ ಆದಾಗ ಕಾಲಿರ್ಲಿಲ್ಲ. ಕತ್ತರಿಸೋ ಮುಂಚೆ ಯಾರನ್ನ ಕೇಳಿದ್ರಿ ಅಂದೆ. ಕೇಳೋಕೆ ನಿಮಗೆ ಯಾರೂ ಇರ್ಲಿಲ್ವಲ್ಲ ಅಂದ್ರು. ಸೇತುವೆ ಹತ್ರ ಒಬ್ಬನ್ನ ಕಳಿಸ್ದೆ. ನಿನ್ನ ಡೇರೆನೂ ಇಲ್ಲ, ನೀನೂ ಇಲ್ಲ."

'ಬಂದಿದ್ದೆ ಕಣೋ... ಬಂದಿದ್ದೆ...' ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಕಾಲುಗಳ ಮುಂದೆ ಯಾವ ಬಾಯಿಂದ ಹೇಳುವುದು? ಫೋನ್ ಮಾಡಿದ್ದು ತಾನೇ ಅಲ್ಲವೇ?

"ಆಣೆ ಮಾಡಿದ್ಯಾ ಇಲ್ವಾ?"

"ಮಾಡಿದ್ದೆ."

"ಮುರಿದ್ಯಾ ಇಲ್ವಾ?"

"...ಮುರಿದೆ."

"ಪೆರೋಗಿ ಆರ್ವಿಲ್‌ಗೆ ಕೊಡು."

ಬಾಗಿಲು ಹಾಕಿಕೊಂಡಿತು.

ಆ ದಿನದಿಂದ ಗೋಡೆಯಾಚೆ ಅವನ ಕೆಮ್ಮು ಶುರುವಾಯಿತು. ಇಷ್ಟು ವರ್ಷ ಕಿವಿಯೊಳಗೆ ಕೇಳುತ್ತಿದ್ದ ಅದೇ ಕೆಮ್ಮು! ಯಾವುದು ಗೋಡೆಯದು, ಯಾವುದು ತಲೆಯೊಳಗಿನದು ಅಂತ ಅವಳಿಗೆ ತಿಳಿಯದಾಯಿತು. ಬಿಸಿನೀರಿನ ಪೈಪು ಟಕ್ ಅಂದರೂ ಬೆಚ್ಚುತ್ತಿದ್ದಳು. ಮಂಚವನ್ನು ಎಳೆದು ಗೋಡೆಗೆ ತಾಗಿಸಿಕೊಂಡಳು. ಎಂಥ ಹುಚ್ಚು! ಬೈಯುವವನಾದರೂ ಸರಿ, ಉಸಿರಾಡುತ್ತಿದ್ದಾನಲ್ಲ... ಅಷ್ಟು ಕೇಳಿದರೆ ಸಾಕಿತ್ತು.

*

ಬುಧವಾರಗಳಂದು ಕೋರಾ ಒಂದು ಮೇಜು ಹಾಕಿ ಎಲ್ಲರನ್ನೂ ಕೂರಿಸುತ್ತಿದ್ದಳು. ಮನೆಯಿಂದ ಫಿಲಿಪಿನೋ ಶಾವಿಗೆ ಮಾಡಿ ತರುತ್ತಿದ್ದುದರಿಂದ ಯಾರೂ ತಪ್ಪಿಸುತ್ತಿರಲಿಲ್ಲ. ಮಾತು ಮಾತ್ರ ಸಾವಿನದು.

"ಒಂದಿನ ನಿಮಗೆ ಮಾತಾಡೋಕೆ ಆಗದೆ ಇದ್ರೆ, ಡಾಕ್ಟರ ಹತ್ರ ನಿಮ್ಮ ಪರವಾಗಿ ಯಾರು ಮಾತಾಡ್ಬೇಕು? ಏನಂತ ಹೇಳ್ಬೇಕು? ಈಗಲೇ ಯೋಚನೆ ಮಾಡೋಣ. ಆಗ ತಡ ಆಗಿರುತ್ತೆ."

"ನನ್ನ ಪರವಾಗಿ ನನ್ನ ಬೆಕ್ಕು," ಅಂದ ಆರ್ವಿಲ್. "ಅದಕ್ಕೆ ನನ್ನ ಕಂಡ್ರೆ ಆಗಲ್ಲ. ಎರಡೇ ನಿಮಿಷದಲ್ಲಿ ಮುಗಿಸಿ ಅನ್ನುತ್ತೆ."

ಎಲ್ಲರೂ ನಕ್ಕರು. ಆಂಬ್ರೋಸ್ ನಗಲಿಲ್ಲ.

"ನನ್ನದು ಬರ್ಕೊಳ್ಳಿ ಕೋರಾ. ಯಾರನ್ನೂ ಕರೀಬಾರ್ದು. ಆಂಬುಲೆನ್ಸ್ ಬೇಡ, ಪೈಪ್ ಬೇಡ, ಏನೂ ಬೇಡ. ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿ."

"ಬರೀತೀನಿ. ಆದ್ರೆ ಕಾಗದಕ್ಕೆ ಬಾಯಿಲ್ಲ ಆಂಬ್ರೋಸ್. ಡಾಕ್ಟರು ಅದರಲ್ಲಿ ಇಲ್ಲದ್ದು ಕೇಳಿದ್ರೆ? ನಿಮ್ಮನ್ನ ಬಲ್ಲವರು ಒಬ್ಬರು ಬೇಕು."

ಅವನ ಕಣ್ಣು ಮೇಜಿನಾಚೆ ವರ್ನಾಳ ಮೇಲೆ ನಿಂತಿತು.

"ಬಲ್ಲವಳು ಒಬ್ಬಳಿದ್ದಳು. ಅವಳ ಹತ್ರ ನನ್ನ ಮಾತು ಉಳಿಯಲ್ಲ."

ವರ್ನಾ ಎದ್ದು ಹೋದಳು.

ಸ್ವಲ್ಪ ಹೊತ್ತಿಗೆ ಕೋರಾ ಅವಳ ರೂಮಿಗೆ ಬಂದು, ನೆಲದ ಮೇಲೆ ಕೂತು, ಊದಿದ ಪಾದ ಒತ್ತಿ ನೋಡಿದಳು.

"ನಿಮಗೆ ಯಾವುದರ ಭಯ ಜಾಸ್ತಿ ವರ್ನಾ? ಸಾಯೋದಾ?"

"ಸಾಯೋದಲ್ಲಮ್ಮ. ಇವಳು ನಿಮಗೇನಾಗ್ಬೇಕು ಅಂತ ಯಾರನ್ನೋ ಕೇಳ್ತಾರಲ್ಲ... ಏನೂ ಅಲ್ಲ ಅಂತ ಅವರು ಹೇಳ್ತಾರಲ್ಲ... ಅದು."

ಆಮೇಲೆ ಅವಳು ತಡೆಯಲಿಲ್ಲ. ಆಣೆ, ಪೆಟ್ರೋಲ್ ಬಂಕ್, ಬೆಂಚು, ಎಲ್ಲವನ್ನೂ ಹೇಳಿ ಅತ್ತಳು.

"ಇದನ್ನ ಅವರಿಗೆ ಹೇಳಿದೀರಾ?"

"ಹೇಳಿದ್ರೆ? ಕಾಲು ಬರುತ್ತಾ?"

"ಇಲ್ಲ. ಆದ್ರೆ ಅವರು ಕಾಲಿಗಾಗಿ ಕೋಪ ಮಾಡ್ಕೊಂಡಿದಾರೆ ಅಂತ ನಿಮಗೆ ಯಾರು ಹೇಳಿದ್ದು?" ಕೋರಾ ಎದ್ದಳು. "ಒಬ್ಬರು ಹೇಳಿದ್ದನ್ನ ನಾನು ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ. ನೀವೇ ಹೇಳ್ಬೇಕು."

ವರ್ನಾ ಹೇಳಲಿಲ್ಲ. ಇವತ್ತು, ನಾಳೆ ಅನ್ನುತ್ತಲೇ ಕ್ರಿಸ್‌ಮಸ್ ಕಳೆಯಿತು.

*

ಜನವರಿಯ ಒಂದು ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ನಿಂತಿದ್ದಳು. ಗೋಡೆಯಾಚೆ ಕೆಮ್ಮು. ಮತ್ತೆ ಕೆಮ್ಮು. ಎರಡು ದಿನದಿಂದ ಅದು ಬೇರೆ ಥರ ಆಗಿತ್ತು, ಒದ್ದೆಯಾಗಿ, ಆಳದಿಂದ...

ನಿಂತುಹೋಯಿತು.

ವರ್ನಾ ಗೋಡೆಗೆ ಕಿವಿಯಿಟ್ಟಳು. ಅದೇ ಮೌನ! ಡೇರೆಯೊಳಗಿನ ಅದೇ ಮೌನ!

'ಗೋಡೆಯ ಕೆಮ್ಮು ನಿಂತಿತಾ? ಇಲ್ಲ ನನ್ನ ತಲೆಯೊಳಗಿನದಾ?'

ಬರಿಗಾಲಲ್ಲಿ ಓಡಿದಳು. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಆಂಬ್ರೋಸ್ ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ಮೈ ಕೆಂಡ. ತುಟಿ ನೀಲಿ. ಉಸಿರು ಒಳಗೆ ಹೋಗಲಾರದೆ ಹೊರಳಾಡುತ್ತಿತ್ತು.

"ಕರೀಬೇಡ..." ಅಂದ.

ಫೋನು ಗೋಡೆಯಲ್ಲೇ ಇತ್ತು. ಕೈ ಚಾಚಿದರೆ ಸಾಕು. ಅವಳ ಕೈ ಚಾಚಿಕೊಂಡಿತ್ತು ಕೂಡ.

ಹಿಂದೆಗೆದಳು. ಪಕ್ಕದಲ್ಲಿ ಕೂತಳು.

"ಕರೆಯಲ್ಲ. ಆವತ್ತು ಕೇಳ್ದೇನೇ ಓಡ್ದೆ. ಇವತ್ತು ಕೇಳ್ತೀನಿ. ಹೇಳು... ಸಾಯ್ಬೇಕು ಅಂತಾನಾ? ಇಲ್ಲ ಆ ಜಾಗಕ್ಕೆ ಹೆದರ್ತಿದೀಯಾ?"

ಅವನು ಬಹಳ ಹೊತ್ತು ಬರೀ ಉಸಿರಿಗಾಗಿ ಒದ್ದಾಡಿದ.

"ಎಚ್ಚರ ಆದಾಗ..." ಅಂದ. "ಕಾಲಿಲ್ಲ ಅಂತ ಅಳ್ಲಿಲ್ಲ ಕಣೆ. ನೀನಿರ್ಲಿಲ್ಲ. ಬಾಗಿಲು ತೆಗೆದಾಗೆಲ್ಲ ನೀನೇ ಅಂದ್ಕೊಂಡೆ. ಎರಡು ತಿಂಗಳು... ಪ್ರತಿ ಸಲ..."

"ಬಂದಿದ್ದೆ!" ಅವಳ ದನಿ ಒಡೆಯಿತು. "ಬಂದಿದ್ದೆ ಕಣೋ! ಮನೆಯವರಾ ಅಂದ್ರು, ಅಲ್ಲ ಅಂದೆ, ಒಳಗೆ ಬಿಡ್ಲಿಲ್ಲ. ಕೆಳಗೆ ಬೆಂಚಿನ ಮೇಲೇ ಕೂತಿದ್ದೆ. ನಾಯಿ ಥರ ಓಡಿಸಿದ್ರು. ಆಮೇಲೆ ಸತ್ತೆ ಅಂದ್ರು. ನಾನು ನಂಬಿಬಿಟ್ಟೆ... ನಿನ್ನ ಹೆಣ ಎಲ್ಲಿದೆ ಅಂತ ಕೇಳೋ ಹಕ್ಕೂ ನನಗಿರ್ಲಿಲ್ಲ!"

ಆಂಬ್ರೋಸ್ ಅವಳನ್ನೇ ನೋಡಿದ.

"ಕೆಳಗೆ... ಇದ್ಯಾ?"

"ಇದ್ದೆ."

ಎರಡೇ ಬೆರಳಿನ ಆ ಕೈ ಅವಳ ತೋಳನ್ನು ಹುಡುಕಿ ಹಿಡಿಯಿತು.

"ಹಾಗಾದ್ರೆ ಕರಿ," ಅಂದ. "ಔಷಧಿ ಕೊಡ್ಲಿ, ಮಾಸ್ಕ್ ಹಾಕ್ಲಿ. ಗಂಟಲಿಗೆ ಪೈಪ್ ಮಾತ್ರ ಬೇಡ. ಅದಿಲ್ದೆ ಉಳಿಯಲ್ಲ ಅಂದ್ರೆ ಉಳಿಯೋದು ಬೇಡ. ನನಗೆ ಮಾತು ನಿಂತ್ರೆ... ನನ್ನ ಪರವಾಗಿ ನೀನೇ ಹೇಳು."

ಅವಳು ಸಿಬ್ಬಂದಿಯನ್ನು ಕರೆಯುವ ಗಂಟೆ ಒತ್ತಿದಳು. ಕೋರಾ ಮೆಟ್ಟಿಲು ಹತ್ತಿ ಓಡಿಬಂದಳು. ಅವಳೆದುರೇ ಆಂಬ್ರೋಸ್ ಮತ್ತೊಮ್ಮೆ ಒಂದೊಂದೇ ಮಾತು ಕೂಡಿಸಿ ಹೇಳಿದ. ಕೋರಾ ಬರೆದುಕೊಂಡಳು, ಅವನು ವಕ್ರವಾಗಿ ಸಹಿ ಹಾಕಿದ.

ಈ ಸಲ ಆಂಬುಲೆನ್ಸಿನಲ್ಲಿ ವರ್ನಾಗೂ ಜಾಗವಿತ್ತು.

*

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಪ್ರಜ್ಞೆ ತಪ್ಪಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ವರ್ನಾಳ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಮಾಸ್ಕ್ ಹಾಕಿದೀವಿ, ಔಷಧಿ ಹೋಗ್ತಿದೆ. ಆದ್ರೆ ಆಮ್ಲಜನಕ ಇಳೀತಾನೇ ಇದೆ. ಪೈಪ್ ಹಾಕಿ ಮಷೀನಿಗೆ ಜೋಡಿಸಿದ್ರೆ ಬದುಕೋ ಸಾಧ್ಯತೆ ಜಾಸ್ತಿ. ಅವರೇನು ಹೇಳ್ತಿದ್ರು, ನೀವು ಹೇಳಿ."

ವರ್ನಾ ಗಾಜಿನಾಚೆ ನೋಡಿದಳು. ಮಂಚದ ಪಕ್ಕ ಅವನು ನಿಂತಿದ್ದ! ಕಪ್ಪು ಗಡ್ಡ, ಹಳೆಯ ಕೋಟು, ಎರಡೂ ಕಾಲು. ಹನ್ನೊಂದು ವರ್ಷ ಅವಳನ್ನು ಹಿಂಬಾಲಿಸಿದವನು. ಏನೂ ಹೇಳದೆ ಅವಳನ್ನೇ ನೋಡುತ್ತಿದ್ದ.

'ಹಾಕಿ ಅಂತೀನಿ. ಒಂದೇ ಒಂದು ಮಾತು. ಬದುಕ್ತಾನೆ. ಬೈಯ್ಲಿ, ಇನ್ನು ಹತ್ತು ವರ್ಷ ಬೈಯ್ಲಿ... ಈಗಷ್ಟೇ ಸಿಕ್ಕಿದಾನೆ ದೇವ್ರೇ, ಈಗಷ್ಟೇ!'

ಕಟ್ಟಿದ ಕೈಗಳು ನೆನಪಾದವು. ಅವಳಿಗಾಗಿ ಅವನು ಎರಡು ತಿಂಗಳು ನೋಡಿದ ಬಾಗಿಲು ನೆನಪಾಯಿತು.

"ಪೈಪ್ ಬೇಡ," ಅಂದಳು.

"ಅದರ ಅರ್ಥ..."

"ಗೊತ್ತಮ್ಮ. ಅವನು ಹೋಗಬಹುದು." ಪ್ರತಿ ಮಾತೂ ಅವಳ ಎದೆಯಿಂದ ಮಾಂಸ ಕಿತ್ತುಕೊಂಡು ಬರುತ್ತಿತ್ತು. "ನನಗೆ ಬೇಕು. ಅವನಿಗೆ ಬೇಡ. ನಾನು ಹೇಳ್ತಿರೋದು ಅವನ ಮಾತು. ಉಳಿದದ್ದೆಲ್ಲ ಮಾಡಿ. ಸಂಕಟ ಆಗದ ಹಾಗೆ ನೋಡ್ಕೊಳ್ಳಿ. ನನ್ನ ಮಾತ್ರ ಅಲ್ಲಿಂದ ಎಬ್ಬಿಸ್ಬೇಡಿ."

ಡಾಕ್ಟರು ಅವಳ ಕೈ ಒತ್ತಿ ಎದ್ದಳು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ಹೊತ್ತು ಇಳಿಯಿತು. ಕಿಟಕಿಯ ಹಿಮ ನೀಲಿಯಾಯಿತು. ಅವಳು ಅವನ ಕೈಯನ್ನು ತನ್ನ ಸ್ವೆಟರಿನೊಳಗೆ ಇಟ್ಟುಕೊಂಡು, ಒಂದೊಂದು ಉಸಿರಿಗೂ ಜೊತೆಯಾಗಿ ಉಸಿರಾಡಿದಳು. ಎಷ್ಟೋ ಸಲ ಉಸಿರು ನಿಂತೇಬಿಟ್ಟಿತು ಅನಿಸಿತು. ಅವಳು ಓಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನ ಹಣೆ ಬೆವರಿತು. ನರ್ಸ್ ಬಂದು ನೋಡಿ, ಮತ್ತೆ ನೋಡಿ, "ಆಮ್ಲಜನಕ ಏರ್ತಿದೆ," ಅಂದಳು. "ತಾನಾಗೇ ಏರ್ತಿದೆ!"

ಆಂಬ್ರೋಸ್ ಕಣ್ಣು ತೆರೆದ. ಮೊದಲು ಬಾಗಿಲ ಕಡೆ ನೋಡಿದ.

"ಅಲ್ಲಲ್ಲ," ಅಂದಳು ವರ್ನಾ ಅಳುತ್ತಾ. "ಈ ಕಡೆ."

*

ಮಾರ್ಚ್ ಬಂತು. ಎಲ್ಮ್ ಹೌಸಿನ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಬಡಗಿಯ ಎರಡು ಬೆರಳಿನಲ್ಲೇ ಆಂಬ್ರೋಸ್ ಆಪಲ್ ಹೆಚ್ಚುವುದನ್ನು ವರ್ನಾ ಮಂಚದ ಮೇಲೆ ಕೂತು ನೋಡುತ್ತಿದ್ದಳು.

"ಇನ್ನೂ ಕಾಣ್ತಾನಾ?" ಕೇಳಿದ. ಹನ್ನೊಂದು ವರ್ಷ ಬೆನ್ನು ಬಿಡದವನ ಬಗ್ಗೆ ಅವಳು ಎಲ್ಲ ಹೇಳಿಕೊಂಡಿದ್ದಳು.

"ನಿನ್ನೆ ಬಸ್ ಸ್ಟಾಪಲ್ಲಿ ಇದ್ದ."

"ಹೇಗಿದಾನೆ?"

"ಚೆನ್ನಾಗಿದಾನೆ. ನಡೆದುಕೊಂಡು ಹೋದ. ನಿನ್ನಷ್ಟು ಗೊಣಗಲ್ಲ."

ಅವನು ಕೆಮ್ಮುವಷ್ಟು ನಕ್ಕ. ಕಾಲಿದ್ದ ಆ ಮನುಷ್ಯ ಇಬ್ಬರಿಗೂ ಬೇಕಾದವನಾಗಿದ್ದ.

"ಇವತ್ತು ಸಂಜೆ ಕೋರಾ ಬರ್ತಾಳೆ," ಅಂದಳು ವರ್ನಾ. "ನನ್ನದು ಬರೆಸ್ಬೇಕು. ನಿನ್ನ ಹೆಸರು ಹೇಳಿದೀನಿ."

ಅವನ ಚಾಕು ನಿಂತಿತು.

"ಡಾಕ್ಟರು ಹೇಳಿದಾರೆ, ಈ ಹೃದಯ ಜಾಸ್ತಿ ದಿನ ಓಡಲ್ಲ. ಅದು ನಿಂತಾಗ ಎದೆ ಒತ್ತಿ ಎಬ್ಬಿಸೋದು ಬೇಡ. ಆಸ್ಪತ್ರೆ ಬೇಡ. ಇದೇ ರೂಮು, ಇದೇ ಹಾಸಿಗೆ. ನೋವಿಗೆ ಕೋರಾ ಔಷಧಿ ಕೊಡ್ತಾಳೆ. ನೀನು ನನ್ನ ಪಕ್ಕ ಸುಮ್ನೆ ಕೂತಿರ್ಬೇಕು. ಯಾರನ್ನೂ ಕರೀಬಾರ್ದು."

ಆಂಬ್ರೋಸ್ ಮುಖ ಬಿಳಿಚಿತು. ಆ ಡೇರೆಯಲ್ಲಿ ಅವಳು ಏನನ್ನು ಹೊತ್ತಿದ್ದಳೆಂದು ಅವನಿಗೆ ಈಗ ಪೂರ್ತಿ ಅರ್ಥವಾಯಿತು. ಆಪಲ್ ಚೂರು ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಆಗುತ್ತಾ ನಿನ್ನ ಕೈಲಿ?" ಮೆಲ್ಲಗೆ ಕೇಳಿದಳು.

ಸೂರಿನ ಹನಿ ಬೀಳುತ್ತಲೇ ಇತ್ತು.

"ಆಗಲ್ಲ," ಅಂದ ಅವನು ಕೊನೆಗೆ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. "ಆಗಲ್ಲ ಕಣೆ... ಆದ್ರೂ ಮಾಡ್ತೀನಿ."

ಅವಳು ಅವನ ಕೆನ್ನೆಯನ್ನು ತನ್ನ ತೋಳಿನಿಂದ ಒರೆಸಿದಳು.

"ಪ್ರೀತಿಸ್ತೀನಿ ಅಂತ ಇವತ್ತಿನವರೆಗೆ ಒಂದು ಸಲನಾದ್ರೂ ಬಾಯಿ ಬಿಟ್ಟು ಹೇಳಿದೀಯಾ, ಮುದುಕಾ?"

"ಈಗ ಹೇಳಿದ್ನಲ್ಲೇ," ಅಂದ ಆಂಬ್ರೋಸ್.